ಹಳೆಯ ಸ್ಟ್ರಾಟ್, ರೀಇಷ್ಯೂ ಸ್ಟ್ರಾಟ್: ತಿರುಗಿಸಿ ಬೆನ್ನು ನೋಡಿ

ಫೆಂಡರ್ ಕಂಪನಿಯ ಎರಡು ಸ್ಟ್ರಾಟೋಕಾಸ್ಟರ್ (ಚಿಕ್ಕದಾಗಿ ಸ್ಟ್ರಾಟ್) ಎಲೆಕ್ಟ್ರಿಕ್ ಗಿಟಾರ್‌ಗಳನ್ನು ಒಂದು ವಾರ ಪಕ್ಕಪಕ್ಕ ಇಟ್ಟುಕೊಂಡು ನುಡಿಸಿದೆ. ಒಂದು 1963ರದ್ದು. ಇನ್ನೊಂದು 1962ರ ಮಾದರಿಯ ರೀಇಷ್ಯೂ, ಅಂದರೆ ಹಳೆಯ ಮಾದರಿಯಂತೆಯೇ ಮತ್ತೆ ತಯಾರಿಸಿದ್ದು. ಎದುರಿನಿಂದ ನೋಡಿದರೆ ಅವಳಿಜವಳಿ. ಕುತ್ತಿಗೆಯ ಎರಡೂ ಬದಿಗೆ ಚಾಚಿದ ಅದೇ ಎರಡು ಕೊಂಬು, ಅದೇ ಸೊಂಟ. ಎರಡೂ ಆಲ್ಡರ್ ಮರ, ದಪ್ಪ ಸುಮಾರು 44 ಮಿಲಿಮೀಟರ್. ಬೆನ್ನು ತಿರುಗಿಸಿದಾಗಲೇ ವ್ಯತ್ಯಾಸ ಕಂಡಿದ್ದು.

ಹಿಂದೆ, ಹೊಟ್ಟೆಗೆ ತಾಗುವ ಕಡೆ, ಮರವನ್ನು ಕೆರೆದು ತಗ್ಗು ಮಾಡಿರುತ್ತಾರೆ. ಸ್ಟ್ರಾಟ್‌ನ ಜೀವಾಳವೇ ಇದು. ಅದಕ್ಕೂ ಮೊದಲು ಬಂದ ಫೆಂಡರ್‌ನದೇ ಗಿಟಾರ್ ಟೆಲಿಕಾಸ್ಟರ್ ಹಲಗೆಯ ಹಾಗೆ ಚಪ್ಪಟೆ. ಅದರ ಅಂಚು ಪಕ್ಕೆಲುಬಿಗೆ ಒತ್ತುತ್ತದೆ ಅಂತ ವಾದಕರು ದೂರುತ್ತಿದ್ದರು. 1954ರಲ್ಲಿ ಬಂದ ಸ್ಟ್ರಾಟ್‌ನಲ್ಲಿ ಹೊಟ್ಟೆಗೊಂದು, ಮುಂಗೈಗೊಂದು ಇಳಿಜಾರು ಬಂತು.

ನನ್ನ ಕೈಗೆ ಸಿಕ್ಕ 1963ರ ಗಿಟಾರಿನಲ್ಲಿ ಈ ತಗ್ಗು ಬೆನ್ನಿನ ಒಳಗಿನಿಂದಲೇ ಶುರುವಾಗಿ ಅಂಚಿನ ಹತ್ತಿರ ಆಳಕ್ಕೆ ಇಳಿಯುತ್ತದೆ. ಕೂತು ನುಡಿಸಿದರೆ ಮೈಗೆ ಅಂಟಿಕೊಂಡ ಹಾಗೆ ಕೂರುತ್ತದೆ. ರೀಇಷ್ಯೂನಲ್ಲಿ ಇಳಿಜಾರು ಇದೆ, ಆದರೆ ಆಳ ಕಡಿಮೆ. ಅರ್ಧ ಗಂಟೆ ಏನೂ ಅನ್ನಿಸಲಿಲ್ಲ. ಒಂದು ಗಂಟೆ ದಾಟಿದ ಮೇಲೆ ಅಂಚು ಪಕ್ಕೆಗೆ ಒತ್ತತೊಡಗಿತು. ಕೊಂಬಿನ ತುದಿಗಳೂ ಹಳೆಯದರಲ್ಲಿ ಜಾಸ್ತಿ ನುಣುಪು.

ಆಗ ಈ ಇಳಿಜಾರುಗಳನ್ನು ಕೆಲಸಗಾರರು ಕೈಯಲ್ಲೇ ಹಿಡಿದು ಉಜ್ಜಿ ರೂಪಿಸುತ್ತಿದ್ದರು. ಹಾಗಾಗಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಇನ್ನೊಂದು 1963ರದ್ದು ಸಿಕ್ಕರೆ ಅದರ ತಗ್ಗು ಬೇರೆ ಥರ ಇರಬಹುದು.

ಹಾಗಂತ ಹಳೆಯದೆಲ್ಲ ಚಿನ್ನ ಅಲ್ಲ. ಹಿಂದೊಮ್ಮೆ 1970ರ ದಶಕದ ಒಂದು ಸ್ಟ್ರಾಟ್ ನುಡಿಸಿದ್ದೆ. ಅದೂ ವಿಂಟೇಜ್ ಅಲ್ವಾ? ಆ್ಯಶ್ ಎಂಬ ಮರದ ಬಾಡಿ. ತೂಕ ಜಾಸ್ತಿ, ತಗ್ಗು ಈ ರೀಇಷ್ಯೂಗಿಂತಲೂ ಕಡಿಮೆ. ಆ ದಶಕದಲ್ಲಿ ಇಳಿಜಾರುಗಳ ಆಳ ಕಡಿಮೆಯಾಗುತ್ತಾ ಹೋಗಿತ್ತು. 1982ರಲ್ಲಿ ಫೆಂಡರ್ 1957 ಮತ್ತು 1962ರ ಮಾದರಿಗಳನ್ನು ಮತ್ತೆ ತಂದಾಗ ವಾದಕರು ಅಷ್ಟು ಖುಷಿಪಟ್ಟಿದ್ದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಬಣ್ಣದ ವಿಷಯ ಬೇಗ ಹೇಳಿಬಿಡುತ್ತೇನೆ. ಹಳೆಯದರ ನೈಟ್ರೋ (ನೈಟ್ರೋಸೆಲ್ಯುಲೋಸ್ ಎಂಬ ವಾರ್ನಿಷ್) ಲೇಪ ಮುಂಗೈ ತಾಗುವ ಕಡೆ ಸವೆದು ಮರ ಕಾಣುತ್ತದೆ, ಕೈ ಸರಾಗ ಜಾರುತ್ತದೆ. ಹೊಸದರ ಹೊಳಪಿಗೆ ಬೆವರಿದ ಕೈ ಅಂಟುತ್ತದೆ.

ನಿಂತು, ಬೆಲ್ಟ್ ಹಾಕಿ ನುಡಿಸುವಾಗ ಮಾತ್ರ ನನಗೆ ಎರಡೂ ಒಂದೇ. ವೇದಿಕೆಗೆ ನಾನು ರೀಇಷ್ಯೂ ತೆಗೆದುಕೊಂಡು ಹೋಗುತ್ತೇನೆ, ಯಾಕೆಂದರೆ ಗೀರು ಬಿದ್ದರೂ ಎದೆ ಧಸಕ್ ಅನ್ನುವುದಿಲ್ಲ. ದಿನಾ ಎರಡು ಗಂಟೆ ಕೂತು ಅಭ್ಯಾಸ ಮಾಡುವುದಾದರೆ ಹಳೆಯದೇ ಬೇಕು.

ನೀವು ರೀಇಷ್ಯೂ ಕೊಳ್ಳುವುದಾದರೆ ಒಂದೇ ಒಂದು ಕೆಲಸ ಮಾಡಿ. ಬೆನ್ನಿನ ಮೇಲೆ ಒಂದು ಸ್ಕೇಲನ್ನು ಅಡ್ಡಲಾಗಿ ಇಡಿ. ತಗ್ಗಿನ ಅಂಚಿನಲ್ಲಿ ಸ್ಕೇಲಿಗೂ ಮರಕ್ಕೂ ನಡುವೆ ಎಷ್ಟು ಸಂದು ಇದೆ ನೋಡಿ. 1963ರದ್ದರಲ್ಲಿ ನನ್ನ ಹೆಬ್ಬೆರಳು ಹೋಯಿತು. ಹೊಸದರಲ್ಲಿ ಕಿರುಬೆರಳು ಅಷ್ಟೇ.