16 ಎಂಎಂ ಮ್ಯಾಗ್ನೆಟ್ ಪ್ಲಗ್ ಸಾಕೆಟ್: ನಾಲ್ಕು ವರ್ಷ ಬಳಸಿದವನ ಮಾತು

ಇದು ಕಾರಿನ ಸ್ಪಾರ್ಕ್ ಪ್ಲಗ್ (ಪೆಟ್ರೋಲಿಗೆ ಕಿಡಿ ಹೊತ್ತಿಸುವ ಬಿಡಿಭಾಗ) ಬಿಚ್ಚಿ ಕೂರಿಸುವ ಕೊಳವೆಯಂಥ ಪಾನಾ, ಒಳಗೆ ಪ್ಲಗ್ ಹಿಡಿಯಲು ಮ್ಯಾಗ್ನೆಟ್ ಇದೆ. ಮೊದಲಿದ್ದ ಸಾಕೆಟ್ ಬಾವಿಯೊಳಗೆ ಕೂತು ಮೇಲೆ ಬರಲು ಒಪ್ಪದ ದಿನವೇ ಇದನ್ನು ಕೊಂಡೆ. ಬಾವಿ ಅಂದರೆ ಇಂಜಿನ್ ಹೆಡ್‌ನಲ್ಲಿ ಸ್ಪಾರ್ಕ್ ಪ್ಲಗ್ ಕೂರುವ ಆಳದ ಗುಂಡಿ. ಒಳಗೆ ಬೆಳಕಿಲ್ಲ, ಬೆರಳೂ ಹೋಗುವುದಿಲ್ಲ.

ನನ್ನದು ಒಂದು ಲೀಟರಿನ ಮೂರು ಸಿಲಿಂಡರ್ ಟರ್ಬೊ ಪೆಟ್ರೋಲ್ ಕಾರು. ಇಂಜಿನ್ ಚಿಕ್ಕದು, ಅದರ ಸಂಸಾರ ದೊಡ್ಡದು. ಬಾನೆಟ್ ಎತ್ತಿದರೆ ಏರ್ ಫಿಲ್ಟರ್ ಡಬ್ಬಿ, ಬ್ಯಾಟರಿ, ವೈರಿಂಗ್ ಗಂಟು ಎಲ್ಲ ಒಂದರ ಮೇಲೊಂದು. ಮೊದಲ ಎರಡು ಪ್ಲಗ್‌ಗೆ ಹೇಗೋ ಕೈ ಹೋಗುತ್ತದೆ. ಮೂರನೆಯದರ ಮೇಲೆ ಟರ್ಬೊದ ಗಾಳಿ ಪೈಪು ಅಡ್ಡ ಮಲಗಿದೆ.

41,000 ಕಿ.ಮೀ. ಆದಾಗ ತೊಂದರೆ ಶುರುವಾಯಿತು. ನಮ್ಮ ಕಲಬುರಗಿ ಊರೊಳಗೆ, ಸೂಪರ್ ಮಾರ್ಕೆಟ್ ಗದ್ದಲದಲ್ಲಿ, ಗಾಡಿ ಬೆಣ್ಣೆಯಂಗೆ ಓಡುತ್ತಿತ್ತು. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದ ಹತ್ತಿರ ಲಾರಿ ಹಿಂದೆ ಹಾಕಲು ಕಾಲು ಒತ್ತಿದರೆ ಸಾಕು, ಕೆಮ್ಮಿದಂತೆ ಜಗ್ಗುವುದು, ಚೆಕ್ ಇಂಜಿನ್ ದೀಪ ಮಿಣುಕುವುದು. ಸ್ಕ್ಯಾನರ್ ಹಾಕಿದೆ: ಪಿ0302, ಅಂದರೆ ಎರಡನೇ ಸಿಲಿಂಡರ್ ಮಿಸ್‌ಫೈರ್, ಅಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಆ ದೀಪ ಸುಮ್ಮನೆ ಉರಿಯುವುದು ಬೇರೆ, ಮಿಣುಕುವುದು ಬೇರೆ. ಮಿಣುಕುತ್ತಿದ್ದರೆ ಉರಿಯದ ಪೆಟ್ರೋಲ್ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ ಎಂದು ತಿಳಿಯಬೇಕು. ಆಗ ಕಾಲು ಸಡಿಲಿಸುವುದೇ ಜಾಣತನ.

ಒತ್ತಿದಾಗ ಮಾತ್ರ ಯಾಕೆ? ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ. ಗಾಳಿ ದಟ್ಟವಾದಷ್ಟೂ ಕಿಡಿ ಅದರೊಳಗೆ ಜಿಗಿಯಲು ಹೆಚ್ಚು ವೋಲ್ಟೇಜ್ ಬೇಕು. ಅದಕ್ಕೇ ಇಂಥ ಇಂಜಿನ್‌ಗಳ ಪ್ಲಗ್ ಗ್ಯಾಪ್ (ಕಿಡಿ ಜಿಗಿಯುವ ಸಂದು) ಸಾಮಾನ್ಯವಾಗಿ 0.7-0.8 ಎಂಎಂ ಇರುತ್ತದೆ, ಟರ್ಬೊ ಇಲ್ಲದ ಎಷ್ಟೋ ಗಾಡಿಗಳಲ್ಲಿ 1.1ರವರೆಗೂ ಇರುತ್ತದೆ. ಸವೆದು ಗ್ಯಾಪ್ ಚೂರು ಹಿಗ್ಗಿದರೂ ಕಿಡಿ ಸೋಲುವುದು ಬೂಸ್ಟ್, ಅಂದರೆ ಟರ್ಬೊದ ಒತ್ತಡ, ಬಂದಾಗಲೇ. ಪ್ಲಗ್ ತುದಿಯ ಲೋಹವಾದ ಇರಿಡಿಯಂ ಕರಗುವುದು 2,400 ಡಿಗ್ರಿ ದಾಟಿದ ಮೇಲೆ, ಅದು ನಿಜ. ಅಷ್ಟಕ್ಕೇ ‘ಲಕ್ಷ ಕಿಲೋಮೀಟರ್ ಮುಟ್ಟಬೇಡಿ’ ಅನ್ನುವವರ ಮಾತನ್ನು ಟರ್ಬೊ ಗಾಡಿಯವರು ನಂಬಬಾರದು ಎಂಬುದು ನನ್ನ ಅಭಿಪ್ರಾಯ. ಕೈಪಿಡಿ ಹೇಳಿದ ಲೆಕ್ಕವೇ ಲೆಕ್ಕ.

ಆಗ ನನ್ನ ಬಳಿ ಇದ್ದದ್ದು ಒಳಗೆ ರಬ್ಬರ್ ಇರುವ ಅಗ್ಗದ ಸಾಕೆಟ್. ರಬ್ಬರ್ ಪ್ಲಗ್ಗಿನ ಪಿಂಗಾಣಿಯನ್ನು ಹಿಡಿಯುತ್ತದೆ, ಮೇಲೆ ಎತ್ತುತ್ತದೆ, ಅದು ಪುಸ್ತಕದ ಮಾತು. ನನಗಾದದ್ದೇ ಬೇರೆ. ಹೊಸ ಪ್ಲಗ್ ಕೂರಿಸಿ ಎಕ್ಸ್‌ಟೆನ್ಷನ್ (ಸಾಕೆಟ್ಟಿಗೆ ಸಿಕ್ಕಿಸುವ ಉದ್ದನೆಯ ಸರಳು) ಎಳೆದರೆ ಬರೀ ಎಕ್ಸ್‌ಟೆನ್ಷನ್ ಬಂತು. ಸಾಕೆಟ್ ಕೆಳಗೇ ಪ್ಲಗ್ ತಬ್ಬಿಕೊಂಡು ಕೂತಿತು. ಒಂದು ತಾಸು ಒದ್ದಾಡಿ, ಕೊನೆಗೆ ರಿಂಗ್ ರೋಡಿನ ಮೆಕ್ಯಾನಿಕ್ ಉಸ್ತಾದನಿಗೆ ಫೋನ್ ಮಾಡಿದೆ. ಬಂದವನು ಎಕ್ಸ್‌ಟೆನ್ಷನ್ ತುದಿಗೆ ಎರಡು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿ, ಬಿಗಿಯಾಗಿ ಒತ್ತಿ, ತಿರುವುತ್ತ ಎಳೆದ. ಬಂತು.

‘ಸಾಹೇಬ್ರ, ಗಾಡಿ ಹೊಸಾದದ, ಪಾನಾ ಹಳೇದದ. ಹಿಂಗಾದ್ರ ಹೆಂಗ್ರಿ?’ ಅಂದ. ಚಹಾದ ಹೊರತು ಏನೂ ತೊಗೊಳ್ಳಲಿಲ್ಲ.

ಅವತ್ತು ರಾತ್ರಿಯೇ ಈ ಮ್ಯಾಗ್ನೆಟ್ ಸಾಕೆಟ್ ಆರ್ಡರ್ ಮಾಡಿದೆ. ಉದ್ದನೆಯ ಎಕ್ಸ್‌ಟೆನ್ಷನ್ನೂ ಸಾಕೆಟ್ಟೂ ಒಂದೇ ತುಂಡು, ಕಳಚಿ ಬೀಳುವ ಮಾತೇ ಇಲ್ಲ. ನಡುವೆ ಒಂದು ಕೀಲು, ಓರೆಯಾಗಿ ಇಳಿಸಲು. ನಾಲ್ಕು ವರ್ಷದಲ್ಲಿ ನಮ್ಮ ಗಾಡಿಗೆ ಒಮ್ಮೆ, ಕಾಕಾನ ಮಗನ ಗಾಡಿಗೆ ಒಮ್ಮೆ ಪೂರ್ತಿ ಪ್ಲಗ್ ಬದಲಿಸಿದ್ದೇನೆ. ನೋಡಲೆಂದು ಬಿಚ್ಚಿದ್ದು ಲೆಕ್ಕವಿಲ್ಲ. ಮ್ಯಾಗ್ನೆಟ್ ಒಮ್ಮೆಯೂ ಪ್ಲಗ್ ಕೈಬಿಟ್ಟಿಲ್ಲ. ಇದು ದೊಡ್ಡ ಮಾತು, ಯಾಕಂದರೆ ಕೆಳಗೆ ಬಿದ್ದ ಪ್ಲಗ್‌ನ ಪಿಂಗಾಣಿಯಲ್ಲಿ ಕೂದಲೆಳೆ ಬಿರುಕು ಬಿಟ್ಟರೂ ಕಣ್ಣಿಗೆ ಕಾಣುವುದಿಲ್ಲ, ಬೂಸ್ಟ್ ಬಂದಾಗಲೇ ಕಾಣುತ್ತದೆ.

ಇನ್ನು ದೂರು. ಆ ಕೀಲು ತೀರಾ ಸಡಿಲ. ಬಾವಿಗೆ ಇಳಿಸುವಾಗ ಕುಡಿದವನ ಕತ್ತಿನಂತೆ ಅತ್ತಿತ್ತ ವಾಲುತ್ತದೆ. ಸೈಕಲ್ ಟ್ಯೂಬಿನ ತುಂಡು ತೊಡಿಸಿದ ಮೇಲೆ ನೆಟ್ಟಗೆ ನಿಂತಿತು. ಕೊನೆಯ ಬಿಗಿತ ಮಾತ್ರ ಕೀಲು ಬಗ್ಗಿಸಿಕೊಂಡು ಕೊಡಲೇಬೇಡಿ, ಟಾರ್ಕ್ ರೆಂಚ್ (ಬಿಗಿತ ಅಳೆಯುವ ಪಾನಾ) ತೋರಿಸುವುದು ಸುಳ್ಳಾಗುತ್ತದೆ. ನನ್ನ 14 ಎಂಎಂ ಥ್ರೆಡ್ ಪ್ಲಗ್‌ಗೆ 25 ನ್ಯೂಟನ್ ಮೀಟರ್. ಅದಕ್ಕಾಗಿ ಗಾಳಿ ಪೈಪು ಬಿಚ್ಚಿ ನೇರವಾಗಿ ನಿಲ್ಲಿಸುತ್ತೇನೆ. ಬಿಚ್ಚಿದ ಪೈಪಿನ ಬಾಯಿಗೆ ಶುಭ್ರ ಬಟ್ಟೆ ತುರುಕುವುದು ಮರೆಯಬಾರದು. ಟರ್ಬೊ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ, ಒಂದು ಸಣ್ಣ ವಾಷರ್ ಒಳಗೆ ಹೋದರೆ ಮುಗೀತು.

ಮ್ಯಾಗ್ನೆಟ್ಟಿಗೆ ಕಬ್ಬಿಣದ ಪುಡಿಯೂ ಅಂಟುತ್ತದೆ. ಪ್ರತಿ ಸಲ ಒರೆಸಿಯೇ ಇಳಿಸಬೇಕು.

ನಮ್ಮ ಊರಿನ ಧೂಳಿನ ಬಗ್ಗೆ ಬೇರೆ ಹೇಳಬೇಕೇ? ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಓಡಾಡುವ ಗಾಡಿಯ ಬಾವಿಯೊಳಗೆ ಏನೇನಿರುತ್ತದೋ. ಪ್ಲಗ್ ಮೇಲೆ ಕೂತು ಕರೆಂಟ್ ಕೊಡುವ ಕಾಯಿಲ್ ತೆಗೆದ ಕೂಡಲೇ ಗಾಳಿ ಊದಿ, ಆಮೇಲೆ ಪ್ಲಗ್ ಸಡಿಲಿಸಿ. ಉಲ್ಟಾ ಮಾಡಿದರೆ ಆ ಮಣ್ಣೆಲ್ಲ ಸಿಲಿಂಡರ್ ಪಾಲು. ಕಾಯಿಲ್ ಕನೆಕ್ಟರಿನ ಪ್ಲಾಸ್ಟಿಕ್ ಕೊಕ್ಕೆ ಕಾವಿಗೆ ಹಪ್ಪಳದಂತಾಗಿರುತ್ತದೆ, ಸ್ಕ್ರೂಡ್ರೈವರಿನಿಂದ ಮೀಟಬೇಡಿ. ಇಂಜಿನ್ ಪೂರ್ತಿ ತಣ್ಣಗಿರಬೇಕು, ಬಿಸಿ ಅಲ್ಯೂಮಿನಿಯಂ ಹೆಡ್‌ನಿಂದ ಪ್ಲಗ್ ತಿರುವಿದರೆ ಥ್ರೆಡ್ ಕಿತ್ತು ಬರಬಹುದು. ಮೇ ತಿಂಗಳ ಕಲಬುರಗಿಯಲ್ಲಿ ತಣ್ಣಗಿನ ಇಂಜಿನ್ ಬೇಕೆಂದರೆ ನಸುಕಿನ ಐದಕ್ಕೇ ಏಳಬೇಕು. ಹೊಸ ಪ್ಲಗ್ಗನ್ನು ಸಾಕೆಟ್ಟಿಗೆ ಸಿಕ್ಕಿಸಿ ಇಳಿಸಿ, ಮೊದಲ ನಾಲ್ಕೈದು ಸುತ್ತು ಎಕ್ಸ್‌ಟೆನ್ಷನ್ ಹಿಡಿದು ಬರಿಗೈಯಿಂದಲೇ ತಿರುವಿ, ರಾಚೆಟ್ ಹಿಡಿ ಆಮೇಲೆ.

ಕೊಳ್ಳುವ ಮೊದಲು ನಿಮ್ಮ ಪ್ಲಗ್‌ನಲ್ಲಿ ಸಾಕೆಟ್ ಹಿಡಿಯುವ ಆರು ಮೂಲೆಯ ಭಾಗದ ಅಳತೆ ನೋಡಿ, ಥ್ರೆಡ್‌ನದಲ್ಲ. 16 ಎಂಎಂ ಸಾಮಾನ್ಯ, ಆದರೆ ಹಳೆಯ ಗಾಡಿಗಳಲ್ಲಿ 21, ಕೆಲವು ಹೊಸ ಗಾಡಿಗಳಲ್ಲಿ 14 ಇರುತ್ತದೆ. ಕಾಕಾನ ಮಗ ಇದನ್ನೇ ಗೆಳೆಯನ ಗಾಡಿಗೆ ಒಯ್ದು, ಒಂದು ಗಂಟೆ ಬಿಟ್ಟು ಫೋನ್ ಮಾಡಿದ: ‘ಅಣ್ಣಾ, ನಿನ್ನ ಸಾಕೆಟ್ ಬಾವ್ಯಾಗೇ ಇಳೀವಲ್ದು.’ ಅದು 14ರ ಗಾಡಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಒಂದು ಕಡಿದದ್ದು ಆ ಕೀಲಿಗೆ. ಕೀಲಿಲ್ಲದ್ದು ಸಿಕ್ಕರೆ ಅದನ್ನೇ ಕೊಳ್ಳಿ, ಪೈಪು ಹೇಗಿದ್ದರೂ ಬಿಚ್ಚಲೇಬೇಕು.