ರೈಸನ್ 5800ಎಕ್ಸ್3ಡಿ, ಎಪಿಕ್ 7302ಪಿ: ಎರಡನ್ನೂ ವರ್ಷಗಟ್ಟಲೆ ದುಡಿಸಿದ ಮೇಲೆ

ಹುಬ್ಬಳ್ಳಿಯಲ್ಲಿ ಕೈಗಾರಿಕಾ ವಾಲ್ವ್ ತಯಾರಿಸುವ ಘಟಕಗಳು ಹಲವಾರಿವೆ. ವಾಲ್ವ್‌ನೊಳಗೆ ನೀರು ಹಾಯುವಾಗ ಒತ್ತಡ ಎಷ್ಟು ಇಳಿಯುತ್ತದೆ, ಎಲ್ಲಿ ಸುಳಿ ಏಳುತ್ತದೆ, ಎಲ್ಲಿ ಲೋಹ ಸವೆಯುವ ಸಂಭವವಿದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಅಂಥ ಘಟಕಗಳಿಗೆ ವರದಿ ಕೊಡುವುದು ನನ್ನ ಕೆಲಸ. ಬಳಸುವ ತಂತ್ರಾಂಶ ಓಪನ್‌ಫೋಮ್. ಕಚೇರಿ ಮನೆಯ ಮಹಡಿಯ ಒಂದು ಕೋಣೆ. ಅಲ್ಲಿ ಎರಡು ಯಂತ್ರಗಳಿವೆ. ಮೊದಲನೆಯದು 2022ರ ಜುಲೈನಲ್ಲಿ ಕೊಂಡ, ಆಟಗಾರರಿಗೆಂದೇ ಹೆಸರಾದ ರೈಸನ್ 7 5800ಎಕ್ಸ್3ಡಿ ಇರುವ ಡೆಸ್ಕ್‌ಟಾಪ್. ಎರಡನೆಯದು 2023ರ ನವೆಂಬರ್‌ನಲ್ಲಿ ಸೆಕೆಂಡ್ ಹ್ಯಾಂಡ್ ಭಾಗಗಳಿಂದ ಜೋಡಿಸಿದ, ಎಪಿಕ್ 7302ಪಿ ಎಂಬ ಸರ್ವರ್ ಪ್ರೊಸೆಸರ್ ಇರುವ ಯಂತ್ರ. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಪರಿಚಯದವರು ಪದೇ ಪದೇ ಕೇಳುವುದರಿಂದ, ನನ್ನ ಅನುಭವವನ್ನು ಒಂದೆಡೆ ಬರೆದಿಡುತ್ತಿದ್ದೇನೆ.

ಮೊದಲಿಗೆ ಡೆಸ್ಕ್‌ಟಾಪ್ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. 5800ಎಕ್ಸ್3ಡಿಯಲ್ಲಿ ಎಂಟು ಕೋರ್‌ಗಳಿದ್ದು (ಲೆಕ್ಕ ಮಾಡುವ ಘಟಕಗಳು), ವೇಗ 4.5 ಗಿಗಾಹರ್ಟ್ಸ್‌ವರೆಗೆ ಏರುತ್ತದೆ. ಚಿಪ್‌ನ ಮೂಲ 32 ಎಂ.ಬಿ. ಕ್ಯಾಶ್‌ನ (ಚಿಪ್ಪಿನೊಳಗಿನ ಅತಿ ವೇಗದ ಪುಟ್ಟ ಮೆಮೊರಿ) ಮೇಲೆ ಇನ್ನೊಂದು ಸಿಲಿಕಾನ್ ಪದರವನ್ನು ಕೂರಿಸಿ 64 ಎಂ.ಬಿ. ಸೇರಿಸಿದ್ದಾರೆ, ಹೀಗೆ ಒಟ್ಟು 96 ಎಂ.ಬಿ. ಆಗುತ್ತದೆ. ಆಟಕ್ಕೆಂದು ಪ್ರಚಾರ ಪಡೆದ ಈ ಪದರದ ಕ್ಯಾಶ್ ಮೊದಲು ಬಂದದ್ದು ಸರ್ವರ್‌ಗಳಿಗೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ನನ್ನ ಎರಡೂ ಪ್ರೊಸೆಸರ್‌ಗಳನ್ನು ತಯಾರಿಸಿದ ಎಎಂಡಿ ಕಂಪನಿಯ ಮಿಲಾನ್-ಎಕ್ಸ್ ಸರ್ವರ್ ಚಿಪ್‌ಗಳು 2022ರ ಮಾರ್ಚ್‌ನಲ್ಲಿ ಹೊರಬಂದವು, 5800ಎಕ್ಸ್3ಡಿ ಅದರ ಮುಂದಿನ ತಿಂಗಳು ಬಂತು. ದ್ರವದ ಹರಿವಿನ ಲೆಕ್ಕಗಳಿಗೆ ಮಿಲಾನ್-ಎಕ್ಸ್ ಬಹಳ ಅನುಕೂಲ ಎಂದು ಆಗ ಓದಿದ್ದ ನಾನು, ಅದೇ ತಂತ್ರದ ಸಣ್ಣ ರೂಪ ನನ್ನ ಮೇಜಿಗೂ ಸಾಕಾದೀತು ಎಂದು ನಂಬಿದೆ.

ಸಣ್ಣ ಲೆಕ್ಕಗಳಲ್ಲಿ ಆ ನಂಬಿಕೆ ಸುಳ್ಳಾಗಲಿಲ್ಲ. ಹರಿವಿನ ಜಾಗವನ್ನು ಎರಡು ಮೂರು ಲಕ್ಷ ಕೋಶಗಳಾಗಿ ಒಡೆದ ಪ್ರಾಥಮಿಕ ಮಾದರಿಗಳನ್ನು ಆ ಯಂತ್ರ ಚಹಾ ಕುಡಿದು ಬರುವಷ್ಟರಲ್ಲಿ ಮುಗಿಸುತ್ತಿತ್ತು. ಆದರೆ ಗ್ರಾಹಕರಿಗೆ ಕೊಡುವ ಅಂತಿಮ ವರದಿಗೆ ಅಷ್ಟು ಒರಟು ಮಾದರಿ ಸಾಲದು. ಗೋಡೆಯ ಪಕ್ಕದ ಹರಿವು ಸರಿಯಾಗಿ ಕಾಣಬೇಕಾದರೆ 60 ಲಕ್ಷ ಕೋಶಗಳಾದರೂ ಬೇಕು. ಅಂಥ ಒಂದು ಲೆಕ್ಕ ನಾಲ್ಕು ಕೋರ್‌ಗಳಲ್ಲಿ ಹನ್ನೆರಡೂವರೆ ಗಂಟೆ ತೆಗೆದುಕೊಂಡಿತು. ಎಂಟೂ ಕೋರ್‌ಗಳನ್ನು ಹಚ್ಚಿದಾಗ ಹತ್ತೂವರೆ ಗಂಟೆ. ಕೆಲಸಗಾರರನ್ನು ಇಮ್ಮಡಿ ಮಾಡಿದರೂ ಉಳಿದದ್ದು ಎರಡೇ ಗಂಟೆ ಎಂಬುದು ನನ್ನನ್ನು ಬಹಳ ದಿನ ಕಾಡಿತು.

ಕಾರಣ ಕೋರ್‌ಗಳಲ್ಲಿ ಇರಲಿಲ್ಲ. ಈ ಬಗೆಯ ಲೆಕ್ಕದಲ್ಲಿ ಪ್ರತಿ ಸುತ್ತಿಗೂ ಎಲ್ಲ ಕೋಶಗಳ ಮಾಹಿತಿಯನ್ನು ರ‍್ಯಾಮ್‌ನಿಂದ ಎಳೆದು ತಂದು, ಅದರ ಮೇಲೆ ನಾಲ್ಕಾರು ಕೂಡು-ಗುಣಿಸು ಮಾಡಿ, ಮತ್ತೆ ಹಿಂದಕ್ಕೆ ಬರೆಯಬೇಕಾಗುತ್ತದೆ. 60 ಲಕ್ಷ ಕೋಶಗಳ ಮಾಹಿತಿ ಹಲವು ಜಿ.ಬಿ. ಆಗುವುದರಿಂದ 96 ಎಂ.ಬಿ. ಕ್ಯಾಶ್ ಅದನ್ನು ಹಿಡಿದಿಡಲಾರದು. ಡೆಸ್ಕ್‌ಟಾಪ್‌ನಲ್ಲಿ ಮೆಮೊರಿ ಚಾನೆಲ್‌ಗಳು, ಅಂದರೆ ಮೆಮೊರಿಯಿಂದ ಪ್ರೊಸೆಸರ್‌ಗೆ ಮಾಹಿತಿ ಸಾಗುವ ದಾರಿಗಳು, ಎರಡೇ. ಡಿಡಿಆರ್4-3200 ರ‍್ಯಾಮ್‌ನ ಒಂದು ಚಾನೆಲ್ ಸೆಕೆಂಡಿಗೆ 25.6 ಜಿ.ಬಿ. ಸಾಗಿಸಬಲ್ಲದು, ಎರಡು ಸೇರಿದರೆ 51.2. ಎಂಟು ಬೀಸುಕಲ್ಲುಗಳಿದ್ದು ಜೋಳ ತಂದು ಸುರಿಯುವವರು ಇಬ್ಬರೇ ಇದ್ದಂತೆ. ಇನ್ನೆಂಟು ಕಲ್ಲುಗಳನ್ನು ತಂದಿಟ್ಟರೂ ಹಿಟ್ಟು ಹೆಚ್ಚುವುದಿಲ್ಲ. ಹದಿನಾರು ಕೋರ್‌ಗಳ ರೈಸನ್ 9 5950ಎಕ್ಸ್ ಅದೇ ಸಾಕೆಟ್‌ಗೆ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಹೊಂದುತ್ತಿತ್ತು, ಅದನ್ನು ಕೊಳ್ಳಲು ನಾನು ಹೊರಟೂ ಇದ್ದೆ. ಅದಕ್ಕೂ ಇವೇ ಎರಡು ಚಾನೆಲ್‌ಗಳು ಎಂಬುದು ಸಮಯಕ್ಕೆ ಸರಿಯಾಗಿ ಅರಿವಾಗಿ ದುಡ್ಡು ಉಳಿಯಿತು.

ಎಪಿಕ್ 7302ಪಿ 2019ರ ಚಿಪ್, ಒಂದು ತಲೆಮಾರು ಹಿಂದಿನದು. ಹದಿನಾರು ಕೋರ್‌ಗಳಿದ್ದರೂ ಗರಿಷ್ಠ ವೇಗ 3.3 ಗಿಗಾಹರ್ಟ್ಸ್ ಮಾತ್ರ. ಆದರೆ ಅದಕ್ಕೆ ಎಂಟು ಮೆಮೊರಿ ಚಾನೆಲ್‌ಗಳಿವೆ, ಅಂದರೆ ಸೆಕೆಂಡಿಗೆ 204.8 ಜಿ.ಬಿ. ಹೆಸರಿನ ಕೊನೆಯ ಪಿ ಅಕ್ಷರದ ಅರ್ಥ, ಇದನ್ನು ಒಂದೇ ಸಾಕೆಟ್‌ನ ಬೋರ್ಡಿನಲ್ಲಿ ಮಾತ್ರ ಬಳಸಬಹುದು ಎಂದು. ಮನೆಯಲ್ಲಿ ಬಳಸುವವರಿಗೆ ಅದರಿಂದ ನಷ್ಟವಿಲ್ಲ.

ಕೊಳ್ಳುವಾಗ ಎರಡು ಕಡೆ ಎಡವುವ ಸಾಧ್ಯತೆ ಇದೆ, ಅವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಾನು ವಿಚಾರಿಸಿದ ಒಂದು ಅಂಗಡಿಯಲ್ಲಿ ಎಪಿಕ್ 7282 ಇನ್ನೂ ಕಡಿಮೆ ಬೆಲೆಗೆ ಸಿಗುತ್ತಿತ್ತು. ಅದರಲ್ಲೂ ಹದಿನಾರು ಕೋರ್‌ಗಳು, ಅದೇ ಸಾಕೆಟ್, ಅದೇ ಎಂಟು ಸ್ಲಾಟ್‌ಗಳು. ಆದರೆ ಅದರೊಳಗೆ ಕೋರ್‌ಗಳಿರುವ ಸಿಲಿಕಾನ್ ತುಂಡುಗಳು ನಾಲ್ಕರ ಬದಲು ಎರಡೇ ಇವೆ, ಕ್ಯಾಶ್ 128 ಎಂ.ಬಿ.ಯ ಬದಲು 64, ಮತ್ತು ಎಎಂಡಿಯೇ ನಮೂದಿಸಿರುವ ಮೆಮೊರಿ ವೇಗ 85.3 ಜಿ.ಬಿ. ಮಾತ್ರ. ಕೋರ್‌ಗಳ ಎಣಿಕೆಯನ್ನಷ್ಟೇ ನೋಡಿ ಅದನ್ನು ತಂದಿದ್ದರೆ ನನ್ನ ಇಡೀ ಉದ್ದೇಶವೇ ಹಾಳಾಗುತ್ತಿತ್ತು. ಎರಡನೆಯದು ಬೀಗದ ವಿಷಯ. ಕೆಲವು ಸರ್ವರ್ ತಯಾರಕರು ಭದ್ರತೆಗಾಗಿ ಪ್ರೊಸೆಸರನ್ನು ತಮ್ಮ ಬೋರ್ಡ್‌ಗೆ ಶಾಶ್ವತವಾಗಿ ಕಟ್ಟಿಹಾಕಿರುತ್ತಾರೆ. ಅಂಥ ಚಿಪ್ಪನ್ನು ಬೇರೆ ತಯಾರಕರ ಬೋರ್ಡಿನಲ್ಲಿ ಹಾಕಿದರೆ ಯಂತ್ರ ಏಳುವುದೇ ಇಲ್ಲ, ಬಿಡಿಸುವ ದಾರಿಯೂ ಇಲ್ಲ. ಹೊರಗಿನಿಂದ ನೋಡಿ ಇದನ್ನು ಪತ್ತೆಹಚ್ಚಲಾಗದು. ಆದ್ದರಿಂದ ನಾನು ಬೋರ್ಡನ್ನೂ ಪ್ರೊಸೆಸರನ್ನೂ ಒಟ್ಟಿಗೆ ಕೊಂಡೆ, ಎರಡೂ ಜೊತೆಯಾಗಿ ಚಾಲೂ ಆಗಿ ಪೂರ್ತಿ ರ‍್ಯಾಮ್ ತೋರಿಸುವುದನ್ನು ಕಣ್ಣಾರೆ ಕಂಡ ಮೇಲೆಯೇ ಹಣ ಕೊಟ್ಟೆ.

ಮನೆಗೆ ತಂದು ಜೋಡಿಸುವಾಗ ಒಂದು ಪಾಠವಾಯಿತು. ಈ ಸಾಕೆಟ್‌ನಲ್ಲಿ 4094 ಸಂಪರ್ಕ ಬಿಂದುಗಳಿವೆ. ಪ್ರೊಸೆಸರನ್ನು ಒತ್ತಿ ಹಿಡಿಯುವ ಮೂರು ಸ್ಕ್ರೂಗಳಿಗೆ 1, 2, 3 ಎಂದು ಅಂಕಿ ಬರೆದಿರುತ್ತಾರೆ. ಅದೇ ಕ್ರಮದಲ್ಲಿ, ಹೇಳಿದಷ್ಟೇ ಬಿಗಿಯಾಗಿ ತಿರುಗಿಸಬೇಕು. ನಾನು ಕೈ ಅಂದಾಜಿನಲ್ಲಿ ಬಿಗಿಮಾಡಿದ್ದರಿಂದ 128 ಜಿ.ಬಿ.ಯ ಬದಲು 112 ಜಿ.ಬಿ. ಮಾತ್ರ ಕಾಣಿಸಿತು. ರ‍್ಯಾಮ್ ಕೆಟ್ಟಿದೆಯೆಂದು ಎರಡು ದಿನ ಕಡ್ಡಿಗಳನ್ನು ಅದಲುಬದಲು ಮಾಡಿದೆ. ಕೊನೆಗೆ ಸರಿಯಾದ ಟಾರ್ಕ್ ಡ್ರೈವರ್ ಎರವಲು ತಂದು ಪ್ರೊಸೆಸರನ್ನು ಮತ್ತೆ ಕೂರಿಸಿದಾಗ ಎಂಟನೆಯ ಚಾನೆಲ್ ತಾನಾಗಿ ಬಂತು.

ಅದೇ 60 ಲಕ್ಷ ಕೋಶಗಳ ಲೆಕ್ಕ ಈ ಯಂತ್ರದಲ್ಲಿ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಸಂಜೆ ಹಚ್ಚಿದ ಕೆಲಸ ಮಲಗುವ ಮುನ್ನವೇ ಮುಗಿದು, ರಾತ್ರಿಗೆ ಇನ್ನೊಂದನ್ನು ಹಚ್ಚುವಂತಾದದ್ದು ನನ್ನ ವೃತ್ತಿಯ ಲಯವನ್ನೇ ಬದಲಿಸಿತು. ಒಂದೇ ವಾಲ್ವ್‌ನ ಮೂರು ತೆರೆತಗಳನ್ನು ಒಂದೇ ದಿನದಲ್ಲಿ ಹೋಲಿಸಿ ನೋಡಬಹುದು. ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ಪರದೆ) ಮೆಮೊರಿಯನ್ನು ನಾಲ್ಕು ವಲಯಗಳಾಗಿ ವಿಂಗಡಿಸುವ ಎನ್‌ಪಿಎಸ್4 ಆಯ್ಕೆಯನ್ನು ಒತ್ತಿ, ಲೆಕ್ಕದ ಪ್ರತಿ ಭಾಗವನ್ನೂ ಒಂದೊಂದು ಕೋರ್‌ಗೆ ಕಟ್ಟಿದಾಗ ಇನ್ನೂ ಸ್ವಲ್ಪ ಸಮಯ ಉಳಿಯಿತು. ಒಂದು ಕೋರನ್ನು ಎರಡಾಗಿ ತೋರಿಸುವ ಎಸ್‌ಎಂಟಿ ಸೌಲಭ್ಯದಿಂದ ಈ ಕೆಲಸಕ್ಕೆ ಪ್ರಯೋಜನ ಕಾಣಲಿಲ್ಲವಾದ್ದರಿಂದ ಅದನ್ನು ಬಂದ್ ಮಾಡಿಟ್ಟಿದ್ದೇನೆ. ಎರಡು ಲಕ್ಷ ಕೋಶಗಳ ಸಣ್ಣ ಮಾದರಿಗಳಲ್ಲಿ ಮಾತ್ರ ಎರಡು ಯಂತ್ರಗಳ ಅಂತರ ಬಹುತೇಕ ಅಳಿಸಿಹೋಗುತ್ತದೆ; ಅಲ್ಲಿ ಡೆಸ್ಕ್‌ಟಾಪ್‌ನ ದೊಡ್ಡ ಕ್ಯಾಶ್ ಮತ್ತು ಹೆಚ್ಚಿನ ವೇಗ ತಮ್ಮ ಕೆಲಸ ಮಾಡುತ್ತವೆ.

ಸರ್ವರ್ ಎಂದರೆ ಕರೆಂಟ್ ಬಿಲ್ ಎಂಬ ಹೆದರಿಕೆ ಎಲ್ಲರಿಗೂ ಇದೆ, ನನಗೂ ಇತ್ತು. ಪ್ಲಗ್‌ಗೆ ಮೀಟರ್ ಹಚ್ಚಿ ಅಳೆದಾಗ, ಲೆಕ್ಕ ನಡೆಯುತ್ತಿರುವಾಗ ಡೆಸ್ಕ್‌ಟಾಪ್ 135 ವ್ಯಾಟ್, ಎಪಿಕ್ ಯಂತ್ರ 210 ವ್ಯಾಟ್ ಎಳೆಯುತ್ತಿತ್ತು. ಆದರೆ ಮೊದಲನೆಯದು ಹತ್ತೂವರೆ ಗಂಟೆ ಓಡಬೇಕು, ಎರಡನೆಯದು ನಾಲ್ಕು ಚಿಲ್ಲರೆ ಗಂಟೆ. ಒಂದು ಲೆಕ್ಕಕ್ಕೆ ಡೆಸ್ಕ್‌ಟಾಪ್ ಸುಮಾರು 1.4 ಯೂನಿಟ್, ಎಪಿಕ್ ಸುಮಾರು 0.9 ಯೂನಿಟ್ ತಿನ್ನುತ್ತದೆ. ಬಿಲ್ ಏರುವುದು ಕೆಲಸವಿಲ್ಲದ ಹೊತ್ತಿನಲ್ಲಿ. ಏನೂ ಮಾಡದೆ ಸುಮ್ಮನಿದ್ದಾಗಲೂ ಎಪಿಕ್ ಯಂತ್ರ 75 ವ್ಯಾಟ್ ತೆಗೆದುಕೊಳ್ಳುತ್ತದೆ. ದಿನವಿಡೀ ಬಿಟ್ಟರೆ 1.8 ಯೂನಿಟ್. ಹೀಗಾಗಿ ಕೆಲಸ ಮುಗಿದೊಡನೆ ತಾನಾಗಿ ಆರುವಂತೆ ಮಾಡಿದ್ದೇನೆ. ಬೋರ್ಡಿನಲ್ಲಿರುವ ಬಿಎಂಸಿ ಎಂಬ ಪುಟ್ಟ ನಿರ್ವಹಣಾ ಚಿಪ್ ಮೂಲಕ ಯಾವ ಊರಿನಿಂದ ಬೇಕಾದರೂ ಅದನ್ನು ಎಬ್ಬಿಸಬಹುದು. ಆ ಚಿಪ್ಪನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಡುವುದು ಅಪಾಯ. ನಾನು ವಿಪಿಎನ್ (ಹೊರಗಿನವರಿಗೆ ತೆರೆಯದ ಸುರಕ್ಷಿತ ಸಂಪರ್ಕ) ಮೂಲಕವೇ ತಲುಪುತ್ತೇನೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿ. ಸರ್ವರ್ ಕೊಳ್ಳುವುದಕ್ಕೆ ಕೆಲವು ತಿಂಗಳ ಹಿಂದೆ ಡೆಸ್ಕ್‌ಟಾಪ್‌ನಲ್ಲಿ ಒಂದೇ ಮಾದರಿಯನ್ನು ಎರಡು ಬಾರಿ ಓಡಿಸಿದಾಗ ಎರಡು ಬೇರೆ ಉತ್ತರಗಳು ಬಂದವು. ಕೋಶಗಳ ಜಾಲವನ್ನು, ಹರಿವಿನ ಗಡಿಯಲ್ಲಿ ಕೊಟ್ಟ ಷರತ್ತುಗಳನ್ನು, ನನ್ನ ತಿಳಿವಳಿಕೆಯನ್ನು ಒಂದು ವಾರ ಪರೀಕ್ಷಿಸಿದೆ. ಆಮೇಲೆ ರ‍್ಯಾಮ್ ಪರೀಕ್ಷೆಯನ್ನು ರಾತ್ರಿಯಿಡೀ ಓಡಿಸಿದಾಗ ಒಂದು ಕಡ್ಡಿ ಆಗೊಮ್ಮೆ ಈಗೊಮ್ಮೆ ತಪ್ಪುತ್ತಿರುವುದು ತಿಳಿಯಿತು. ಗ್ರಾಹಕರಿಗೆ ವರದಿ ತಡವಾಯಿತು, ಅವರ ಮುಂದೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಹಿಂದಿನ ತಿಂಗಳುಗಳ ಯಾವ ವರದಿಯಲ್ಲಿ ಈ ತಪ್ಪು ಸೇರಿದ್ದೀತು ಎಂಬ ಆತಂಕ ಹಿಡಿಯಿತು. ಸಹಿ ಹಾಕಿ ಕೊಟ್ಟ ನಾಲ್ಕು ವರದಿಗಳನ್ನು ನನ್ನ ಖರ್ಚಿನಲ್ಲಿ ಮತ್ತೆ ಲೆಕ್ಕ ಹಾಕಿ ನೋಡಿದೆ, ಅವು ಸರಿಯಾಗಿದ್ದವು. ಎಪಿಕ್‌ನಲ್ಲಿ ಬಳಸುವ ರ‍್ಯಾಮ್ ತಪ್ಪುಗಳನ್ನು ತಾನೇ ತಿದ್ದುವ ಇಸಿಸಿ ಬಗೆಯದು. ಹದಿನಾಲ್ಕು ತಿಂಗಳು ಓಡಿದ ಮೇಲೆ ಅಲ್ಲಿಯೂ ಒಂದು ಕಡ್ಡಿ ಸೋತಿತು. ಆದರೆ ಈ ಸಲ ಬಿಎಂಸಿಯ ದಾಖಲೆಯಲ್ಲಿ, ಇಂಥ ಸ್ಲಾಟ್‌ನಲ್ಲಿ ತಪ್ಪು ಬಂತು, ತಿದ್ದಲಾಯಿತು ಎಂದು ಸಾಲು ಸಾಲಾಗಿ ಬರೆದಿತ್ತು. ಉತ್ತರ ಕೆಡುವ ಮುನ್ನವೇ ಕಡ್ಡಿ ಬದಲಾಯಿಸಿದೆ. ರೈಸನ್ ಡೆಸ್ಕ್‌ಟಾಪ್‌ನಲ್ಲೂ ಬೋರ್ಡ್ ಒಪ್ಪಿದರೆ ಇಸಿಸಿ ರ‍್ಯಾಮ್ ಹಾಕಬಹುದು, ಆದರೆ ಅದು ಬೇರೆ ಜಾತಿಯದು. ಸರ್ವರ್‌ನ ರಿಜಿಸ್ಟರ್ಡ್ ಕಡ್ಡಿಗಳು ಅಲ್ಲಿ ನಡೆಯುವುದಿಲ್ಲ.

ಇನ್ನು ಆಟದ ವಿಷಯ. ಕಳೆದ ವರ್ಷ ಡೆಸ್ಕ್‌ಟಾಪ್‌ನ ಪವರ್ ಸಪ್ಲೈ ಕೆಟ್ಟು ಎರಡು ವಾರ ರಿಪೇರಿಗೆ ಹೋದಾಗ, ಮಗನ ಒತ್ತಾಯಕ್ಕೆ ಗ್ರಾಫಿಕ್ಸ್ ಕಾರ್ಡನ್ನು ಎಪಿಕ್ ಯಂತ್ರಕ್ಕೆ ಹಾಕಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಓಡಿಸಿದೆ. ಡೆಸ್ಕ್‌ಟಾಪ್‌ನಲ್ಲಿ ಸೆಕೆಂಡಿಗೆ 55ರ ಆಸುಪಾಸಿನಲ್ಲಿದ್ದ ಚಿತ್ರಗಳ ಸಂಖ್ಯೆ ಅದೇ ಕಾರ್ಡ್, ಅದೇ ಪರದೆಯಲ್ಲಿ 28ರ ಆಸುಪಾಸಿಗೆ ಇಳಿಯಿತು. ದೊಡ್ಡ ನಗರದ ಮೇಲೆ ಹಾರುವಾಗ ಚಿತ್ರ ತಡೆತಡೆದು ಬರುತ್ತಿತ್ತು. ಆ ಆಟದ ಬಹುಪಾಲು ಭಾರ ಒಂದೇ ಎಳೆಯ (ಒಂದು ಕೋರ್ ಒಂದಾದ ಮೇಲೊಂದರಂತೆ ಮಾಡುವ ಕೆಲಸದ ಸಾಲು) ಮೇಲೆ ಬೀಳುತ್ತದೆ, ಆ ಎಳೆಗೆ ಬೇಕಾದದ್ದು ವೇಗದ ಒಂದು ಕೋರ್ ಮತ್ತು ಪಕ್ಕದಲ್ಲೇ ದೊಡ್ಡ ಕ್ಯಾಶ್. 7302ಪಿಯಲ್ಲಿ 128 ಎಂ.ಬಿ. ಕ್ಯಾಶ್ ಇದ್ದರೂ ಅದು ಎಂಟು ಗುಂಪುಗಳಲ್ಲಿ 16 ಎಂ.ಬಿ.ಯಂತೆ ಹಂಚಿಹೋಗಿದೆ, ಒಂದು ಗುಂಪಿನಲ್ಲಿ ಎರಡೇ ಕೋರ್‌ಗಳು. ಉಳಿದ ಹದಿನಾಲ್ಕು ಕೋರ್‌ಗಳು ಆಟಕ್ಕೆ ಹೆಚ್ಚೇನೂ ನೆರವಾಗಲಿಲ್ಲ. ಫ್ರೀಕ್ಯಾಡ್‌ನಲ್ಲಿ ವಾಲ್ವ್‌ನ ಆಕಾರ ತಿದ್ದುವ ನನ್ನ ಸ್ವಂತ ಕೆಲಸಕ್ಕೂ ಇದೇ ಅನ್ವಯಿಸುತ್ತದೆ. ಆಕಾರ ತಿದ್ದುವುದು, ಫಲಿತಾಂಶವನ್ನು ಚಿತ್ರವಾಗಿಸುವುದು ಈಗಲೂ ಡೆಸ್ಕ್‌ಟಾಪ್‌ನಲ್ಲೇ ನಡೆಯುತ್ತದೆ.

ದಿನನಿತ್ಯದ ತೊಂದರೆಗಳೂ ಕೆಲವಿವೆ. ಎಪಿಕ್ ಯಂತ್ರ ಗುಂಡಿ ಒತ್ತಿದ ಮೇಲೆ ಏಳಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತದೆ. ರ‍್ಯಾಕ್ ಸರ್ವರ್‌ನ ಪುಟ್ಟ ಫ್ಯಾನ್‌ಗಳ ಚೀರಾಟವನ್ನು ಮನೆಯಲ್ಲಿ ಸಹಿಸಲಾಗದು, ದೊಡ್ಡ ಟವರ್ ಕೂಲರ್ ಹಾಕಲೇಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವಾಗ ಡೆಸ್ಕ್‌ಟಾಪ್‌ನ ಹಳೆಯ 600 ವಿಎ ಯುಪಿಎಸ್ ಈ ಯಂತ್ರಕ್ಕೆ ಸಾಲಲಿಲ್ಲವೆಂದು 1 ಕೆವಿಎ ಆನ್‌ಲೈನ್ ಯುಪಿಎಸ್ ಕೊಳ್ಳಬೇಕಾಯಿತು. ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹೊಸದಾಗಿ ಕೊಳ್ಳುವವರು ಹೆಸರನ್ನು ನಂಬಬಾರದು. 2024ರಲ್ಲಿ ಬಂದ ಎಪಿಕ್ 4004 ಸರಣಿಯ ಮೇಲೆ ಸರ್ವರ್ ಎಂದು ಬರೆದಿದ್ದರೂ ಅದು ಡೆಸ್ಕ್‌ಟಾಪ್‌ನ ಎಎಂ5 ಸಾಕೆಟ್‌ಗೇ ಕೂರುತ್ತದೆ, ಅದಕ್ಕೆ ಚಾನೆಲ್‌ಗಳು ಎರಡೇ. ಸಣ್ಣ ಕಚೇರಿಯ ಕಡತಗಳಿಗೆ ಅದು ಸರಿಹೋದೀತು, ನನ್ನ ಬಗೆಯ ಲೆಕ್ಕಕ್ಕೆ ಅದರಿಂದ ವಿಶೇಷ ಲಾಭವಿಲ್ಲ. ಅಂತೆಯೇ ರೈಸನ್ 7 7800ಎಕ್ಸ್3ಡಿ ಆಟಕ್ಕೆ ಬಹಳ ಒಳ್ಳೆಯ ಚಿಪ್, ಆದರೆ ಡಿಡಿಆರ್5-5200ರ ಎರಡು ಚಾನೆಲ್‌ಗಳು ಸೇರಿ 83.2 ಜಿ.ಬಿ. ಮಾತ್ರ ಸಾಗಿಸುತ್ತವೆ, 2019ರ ನನ್ನ ಹಳೆಯ ಚಿಪ್‌ನ ಅರ್ಧವೂ ಆಗಲಿಲ್ಲ. ಹನ್ನೆರಡು ಚಾನೆಲ್‌ಗಳ ಎಪಿಕ್ 9004 ಸರಣಿ ಸೆಕೆಂಡಿಗೆ 460.8 ಜಿ.ಬಿ. ಮುಟ್ಟುತ್ತದೆ. ಅದರ ಸೆಕೆಂಡ್ ಹ್ಯಾಂಡ್ ಬೆಲೆ ನನ್ನ ಕೈಗೆಟುಕುವ ದಿನಕ್ಕಾಗಿ ಕಾಯುತ್ತಿದ್ದೇನೆ.

ಧಾರವಾಡದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಈ ವರ್ಷ, ಪ್ರಾಜೆಕ್ಟ್‌ಗೂ ಆಟಕ್ಕೂ ಸೇರಿ ಒಂದೇ ಯಂತ್ರ ಕೊಳ್ಳಬೇಕು, ಸರ್ವರ್ ತಗೊಳ್ಳಲೇ ಮಾಮಾ ಎಂದು ಕೇಳಿದ. ಅವನ ಅತಿ ದೊಡ್ಡ ಮಾದರಿ ಎಷ್ಟು ಕೋಶಗಳದ್ದು ಎಂದು ಕೇಳಿದೆ. ನಾಲ್ಕು ಲಕ್ಷ ಎಂದ. ಡೆಸ್ಕ್‌ಟಾಪ್ ಕೊಡಿಸಿದೆ. ತಿಂಗಳಿಗೆ ಒಂದೋ ಎರಡೋ ಬಾರಿ ದೊಡ್ಡ ಲೆಕ್ಕ ಬಂದಾಗ ಅವನು ಹಾಸ್ಟೆಲ್‌ನಿಂದಲೇ ನನ್ನ ಎಪಿಕ್ ಯಂತ್ರಕ್ಕೆ ಲಾಗಿನ್ ಆಗಿ, ನನ್ನ ಕೆಲಸಗಳ ಹಿಂದೆ ತನ್ನದನ್ನು ಸರದಿಗೆ ಹಚ್ಚಿ ಮಲಗುತ್ತಾನೆ.