ತಾನಾಗಿ ತಿರುಗುವ ಪ್ಲಾಸ್ಮಾ: ದಾವಣಗೆರೆಯ ಭಾನುವಾರದ ತರಗತಿಯೊಂದರ ವಿಮರ್ಶೆ

ದಾವಣಗೆರೆಯ ವಿದ್ಯಾನಗರದ ಮನೆಯೊಂದರ ಮಹಡಿಯಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳಿಗೂ ಆಸಕ್ತರಿಗೂ ನಡೆಯುವ ಭೌತಶಾಸ್ತ್ರ ತರಗತಿಗೆ ಸತತ ಮೂರು ಭಾನುವಾರ ಚಿತ್ರದುರ್ಗದಿಂದ ಬಸ್ಸಿನಲ್ಲಿ ಹೋಗಿಬಂದೆ. ಶುಲ್ಕ 600 ರೂಪಾಯಿ. ವಿಷಯ, ಪರಮಾಣು ಸಮ್ಮಿಳನಕ್ಕಾಗಿ ಕಟ್ಟುವ ಬಳೆಯಾಕಾರದ ಕಾಂತಯಂತ್ರವಾದ ಟೊಕಮಾಕ್‌ನೊಳಗಿನ ಪ್ಲಾಸ್ಮಾ (ಎಲೆಕ್ಟ್ರಾನ್‌ಗಳು ಬೇರ್ಪಟ್ಟ ಅತಿ ಬಿಸಿ ಅನಿಲ) ಹೊರಗಿನವರು ಯಾರೂ ನೂಕದಿದ್ದರೂ ತಿರುಗತೊಡಗುವ ವಿದ್ಯಮಾನ. ಯಾವ ಪರೀಕ್ಷೆಗೂ ಬಾರದ ಇಂಥದ್ದನ್ನು ಆರು ಗಂಟೆಗಳ ಕಾಲ ಕನ್ನಡದಲ್ಲಿ ಹೇಳಲು ಹೊರಟ ಧೈರ್ಯಕ್ಕೇ ಅರ್ಧ ಶುಲ್ಕ ಸಂದಿತು. ಉಳಿದರ್ಧದ ಬಗ್ಗೆ ನನಗೆ ತಕರಾರಿದೆ.

ಮೊದಲ ವಾರ ಪೀಠಿಕೆಯಲ್ಲೇ ಕಳೆಯಿತು. ಆದರೂ ಒಂದು ಹೋಲಿಕೆ ಮನಸ್ಸಿನಲ್ಲಿ ಉಳಿದಿದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಿಗೆ ಗಾಳಿ ಬಡಿಯುವಂತೆ, ಹಲವು ಟೊಕಮಾಕ್‌ಗಳಲ್ಲಿ ವೇಗದ ತಟಸ್ಥ ಕಣಗಳ ಪುಂಜ ಪ್ಲಾಸ್ಮಾಕ್ಕೆ ಬಡಿದು ಅದನ್ನು ತಿರುಗಿಸುತ್ತದೆ. ಗಾಳಿಯೇ ಇಲ್ಲದ ದಿನ ರೆಕ್ಕೆ ತಿರುಗಿದರೆ ಏನೆನ್ನುತ್ತೀರಿ ಎಂದು ಮೇಷ್ಟ್ರು ಕೇಳಿದರು. ಅಮೆರಿಕದ ಎಂಐಟಿಯಲ್ಲಿ 2016ರವರೆಗೆ ನಡೆದ ಆಲ್ಕೇಟರ್ ಸಿ-ಮಾಡ್ ಯಂತ್ರದಲ್ಲಿ ಕಂಡದ್ದು ಇದೇ. ಅಲ್ಲಿ ಪ್ಲಾಸ್ಮಾವನ್ನು ಪುಂಜದಿಂದಲ್ಲ, ಹೆಚ್ಚೇನೂ ನೂಕದ ರೇಡಿಯೊ ತರಂಗಗಳಿಂದ ಕಾಯಿಸುತ್ತಿದ್ದರು, ಆದರೂ ಅದು ಸೆಕೆಂಡಿಗೆ 100 ಕಿಲೋಮೀಟರ್ ಮೀರಿದ ವೇಗವನ್ನು ಮುಟ್ಟಿತ್ತು.

ಎರಡನೆಯ ವಾರ, ನನ್ನ ಮಟ್ಟಿಗೆ, ಪೂರ್ತಿ ಶುಲ್ಕಕ್ಕೆ ಯೋಗ್ಯ. ಕೋಟಿ ಡಿಗ್ರಿಯ ಅನಿಲಕ್ಕೆ ಯಾವ ಉಪಕರಣವನ್ನೂ ತಾಗಿಸಲಾಗದು; ಅದರ ವೇಗವನ್ನು ಬೆಳಕಿನಿಂದಲೇ ಓದಬೇಕು. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಆದಿತ್ಯ-ಯು ಯಂತ್ರದಲ್ಲಿ, ಐದು ಎಲೆಕ್ಟ್ರಾನ್ ಕಳೆದುಕೊಂಡ ಇಂಗಾಲದ ಕಣಗಳು ಸೂಸುವ 529 ನ್ಯಾನೋಮೀಟರ್‌ನ ಹಸಿರು ಗೆರೆಯ ತರಂಗಾಂತರ ಕಣಗಳ ಚಲನೆಯಿಂದಾಗಿ ಎಷ್ಟು ಸರಿಯಿತೆಂದು ನೋಡುತ್ತಾರೆ. ಸೆಕೆಂಡಿಗೆ 20 ಕಿಲೋಮೀಟರ್ ವೇಗವಿದ್ದರೆ ಗೆರೆ ಸರಿಯುವುದು 0.035 ನ್ಯಾನೋಮೀಟರ್ ಮಾತ್ರ ಎಂಬುದನ್ನು ನಮ್ಮ ಕೈಯಲ್ಲೇ ಲೆಕ್ಕ ಮಾಡಿಸಿದರು. ಇಂಗಾಲದ ವೇಗವೂ ಪ್ಲಾಸ್ಮಾದ ಮುಖ್ಯ ಅನಿಲವಾದ ಹೈಡ್ರೋಜನ್ನಿನ ವೇಗವೂ ಒಂದೇ ಆಗಿರಬೇಕೇ ಎಂದು ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಾಗ, ಆಗಿರಬೇಕಿಲ್ಲವೆಂದು ಒಪ್ಪಿ, ಅದನ್ನು ವಿವರಿಸಲು ಅರ್ಧ ಗಂಟೆ ಕೊಟ್ಟರು. ಇಂಥ ಪ್ರಶ್ನೆಯನ್ನು ಆಮೇಲೆ ನೋಡೋಣ ಎಂದು ಬದಿಗೆ ಸರಿಸುವ ತರಗತಿಗಳನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ತಕರಾರಿರುವುದು ಮೂರನೆಯ ವಾರದ ಬಗ್ಗೆ. ಸಿ-ಮಾಡ್‌ನಲ್ಲಿ ಜಾನ್ ರೈಸ್ ಮತ್ತು ಸಂಗಡಿಗರು ಗುರುತಿಸಿದ ಅನುಪಾತವನ್ನು, ಅಂದರೆ ವೇಗದ ಏರಿಕೆಯು ಪ್ಲಾಸ್ಮಾದಲ್ಲಿ ಕೂಡಿದ ಶಕ್ತಿಯನ್ನು ಪ್ಲಾಸ್ಮಾ ಪ್ರವಾಹದಿಂದ ಭಾಗಿಸಿದಷ್ಟಕ್ಕೆ ಹೊಂದುತ್ತದೆ ಎಂಬುದನ್ನು, ಹಲಗೆಯ ಮೇಲೆ ಬರೆದು, ಕಾರಣವೂ ಅದರಲ್ಲೇ ಸಿಕ್ಕಿತೆಂಬಂತೆ ಮುಂದೆ ಹೋದರು. ಅನುಪಾತ ಕಾರಣವಲ್ಲ. ಸಂವೇಗ ಶೂನ್ಯದಿಂದ ಹುಟ್ಟುವುದಿಲ್ಲ. ಒಳಭಾಗ ಒಂದು ದಿಕ್ಕಿಗೆ ತಿರುಗಬೇಕಾದರೆ ವಿರುದ್ಧ ದಿಕ್ಕಿನ ಸಂವೇಗ ಅಂಚಿನ ಮೂಲಕ ಗೋಡೆಗೋ ಕಾಂತದ ಸುರುಳಿಗಳಿಗೋ ಸೇರಲೇಬೇಕು. ಅದನ್ನು ಸಾಗಿಸುವುದು ಪ್ಲಾಸ್ಮಾದ ಕ್ಷೋಭೆ, ಅಂದರೆ ಅದರೊಳಗಿನ ಚಿಕ್ಕ ಸುಳಿಗಳ ಕಲಕಾಟ. ಸುಳಿಗಳು ಎರಡೂ ಬದಿಗೆ ಸಮವಾಗಿದ್ದರೆ ನಿವ್ವಳ ಸಾಗಣೆ ಇರದು. ಒಳಗಿನ ವಿದ್ಯುತ್ ಕ್ಷೇತ್ರದಿಂದಾಗುವ ಹರಿವಿನ ವೇಗ ಪದರದಿಂದ ಪದರಕ್ಕೆ ಬದಲಾಗುತ್ತ ಆ ಸಮತೆಯನ್ನು ಮುರಿದಾಗ ರೆಸಿಡ್ಯುಯಲ್ ಸ್ಟ್ರೆಸ್ ಎಂಬ ಒತ್ತು ಹುಟ್ಟುತ್ತದೆ. ಇದಕ್ಕೆ ಸಿಕ್ಕಿದ್ದು ಇಪ್ಪತ್ತೇ ನಿಮಿಷ. ಮೇಲಿನ ಅನುಪಾತ ಎಚ್-ಮೋಡ್ ಎಂಬ ಉತ್ತಮ ಬಂಧನದ ಸ್ಥಿತಿಗೆ ಸೇರಿದ್ದು. ಅದಿಲ್ಲದ ಪ್ಲಾಸ್ಮಾದಲ್ಲಿ ಸಾಂದ್ರತೆಯನ್ನು ತುಸು ಬದಲಿಸಿದರೆ ತಿರುಗುವ ದಿಕ್ಕೇ ಮಗುಚಬಹುದೆಂಬುದು ಸ್ವಿಟ್ಜರ್‌ಲೆಂಡಿನ ಟಿಸಿವಿ ಎಂಬ ಟೊಕಮಾಕ್‌ನಲ್ಲೂ ಸಿ-ಮಾಡ್‌ನಲ್ಲೂ ಕಂಡದ್ದು. ಅದರ ಪ್ರಸ್ತಾಪವೇ ಬರಲಿಲ್ಲ.

ಫ್ರಾನ್ಸಿನಲ್ಲಿ ಹಲವು ದೇಶಗಳು ಸೇರಿ ಕಟ್ಟುತ್ತಿರುವ ಬೃಹತ್ ಟೊಕಮಾಕ್ ಐಟರ್ ಕುರಿತ ಕೊನೆಯ ಭಾಗ ಚೊಕ್ಕವಾಗಿತ್ತು. ಅಲ್ಲಿಗೆ ಯೋಜಿಸಿರುವ 33 ಮೆಗಾವಾಟ್ ತಟಸ್ಥ ಪುಂಜದ ಕಣಗಳು 10 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯವು. ಕಣದ ವೇಗ ಹೆಚ್ಚಿದಷ್ಟೂ ಅದೇ ಶಕ್ತಿಗೆ ಸಿಗುವ ನೂಕು ಕಡಿಮೆಯಾಗುವುದರಿಂದ, ಅಷ್ಟು ದೊಡ್ಡ ಪ್ಲಾಸ್ಮಾವನ್ನು ಸ್ಥಿರವಾಗಿಡಬಲ್ಲ ತಿರುಗುವಿಕೆ ಬಹುಪಾಲು ತಾನಾಗಿಯೇ ಬರಬೇಕಾಗುತ್ತದೆ.

ಕೋಣೆ ಚಿಕ್ಕದು, ಫ್ಯಾನಿನ ಸದ್ದು ಜೋರು, ಹಿಂದೆ ಕೂತವರಿಗೆ ಹಲಗೆಯ ಕೆಳಭಾಗ ಕಾಣುವುದಿಲ್ಲ. ಪಾಠ ಕನ್ನಡದಲ್ಲಿದ್ದರೂ ಕೊಟ್ಟ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಮುಂದಿನ ತಂಡಕ್ಕೆ ಸೇರುವವರು ಎರಡನೆಯ ವಾರವನ್ನು ತಪ್ಪಿಸಬಾರದು. ಬೇಗ ಹೋಗಿ ಮುಂದಿನ ಸಾಲು ಹಿಡಿಯಬೇಕು, ಮೂರನೆಯ ವಾರ ದಿಕ್ಕು ಮಗುಚುವ ಪ್ರಶ್ನೆಯನ್ನು ತಾವೇ ಎತ್ತಬೇಕು.